ಕುಲಾವಿ ತೊಟ್ಟ ಮರಿಗಳು

ಆಗಷ್ಟೇ ಹುಟ್ಟಿದ ಮರಿಯ ಹಣೆಯನ್ನು ಒಣಹುಲ್ಲಿನಿಂದ ಉಜ್ಜುತ್ತಿದ್ದ ಚಿಕ್ಕ ಸೊಸೆಯ ಕೈ ಅಲ್ಲೇ ನಿಂತಿತು. ಒದ್ದೆ ಕೂದಲು ಒಣಗಿ ಎದ್ದ ಜಾಗದಲ್ಲಿ ಎರಡು ಸುಳಿ, ಯಾರೋ ಬೆರಳಿನಿಂದ ತಿರುವಿಟ್ಟ ಹಾಗೆ ಪಕ್ಕಪಕ್ಕದಲ್ಲಿ. ಅಂಥ ಜೋಡಿ ಸುಳಿ ಆ ಇಡೀ ಜಮೀನಿನಲ್ಲಿ ಇದ್ದದ್ದು ಒಂದೇ ಹಣೆಯ ಮೇಲೆ. ಗಂಡನ ಅಣ್ಣ ಮಗನಿಗಿಂತ ಹೆಚ್ಚಾಗಿ ಸಾಕಿದ ಬಿಳಿ ಟಗರು, ಸುಳಿರಾಯ, ಅದರ ಹಣೆಯ ಮೇಲೆ.

ಹೊರಗೆ ತೊಟ್ಟಿಯ ನೀರು ಹೆಪ್ಪುಗಟ್ಟಿ ಕಲ್ಲಾಗಿತ್ತು. ಕುರಿ ಈಯುವ ಕಾಲವೇ ಅಲ್ಲ ಅದು. ಎಲೆ ಉದುರುವಾಗ ಟಗರನ್ನು ಬಿಟ್ಟರೆ ಹುಲ್ಲು ಚಿಗುರುವಾಗ ಮರಿ. ಹಸಿರು ಮೇದ ತಾಯಿಗೆ ಹಾಲು, ಮರಿಗೆ ಬಿಸಿಲು. ಅವಳು ತನ್ನ ಟಗರಿನ ಹಗ್ಗ ಎಲೆಯೆಲ್ಲ ಉದುರುವವರೆಗೂ ಬಿಚ್ಚಿರಲಿಲ್ಲ. ಕುರಿಗಳ ಹೊಟ್ಟೆ ಬೇಗ ತುಂಬಿದಾಗ ಮೇವು ಚೆನ್ನಾಗಿ ಮೈಗೆ ಹತ್ತಿತು ಎಂದು ಹಿಗ್ಗಿದ್ದಳು, ಪೆದ್ದಿ. ಈಗ ಚಳಿ ಮೂಳೆ ಕಚ್ಚುವ ಹೊತ್ತಿಗೆ ಒಂದರ ಹಿಂದೊಂದು ಈಯತೊಡಗಿದ್ದವು.

ಅವಳು ಮರಿಯ ಕಿವಿ ಮಡಿಸಿ ನೋಡಿದಳು. ಕಿವಿಯ ಹಿಂದೆ ಹೆಬ್ಬೆರಳಗಲದ ಕಪ್ಪು ಮಚ್ಚೆ; ಅದು ಸುಳಿರಾಯನದಲ್ಲ, ತಾಯಿ ಕುರಿಯ ಕಡೆಯದು.

ಬೇಸಿಗೆಯ ಕೊನೆಯಲ್ಲಿ ಅವಳ ತಾಯಿ ತೀರಿಕೊಂಡ ವಾರ ನೆನಪಾಯಿತು. ಗಂಡ ಹೆಂಡತಿ ಇಬ್ಬರೂ ತವರಿಗೆ ಓಡಬೇಕಾಗಿತ್ತು. ಭಾವನೇ ಮುಂದೆ ಬಂದು ಗೇಟಿನ ಬಳಿ ನಿಂತು, ಕಣ್ಣು ಒರೆಸಿಕೊಂಡು ಹೇಳಿದ್ದ. "ನೀವು ಹೋಗಿ ಬನ್ನಿ ತಂಗಿ. ನಿಮ್ಮ ಮಂದೇನ ನಾನು ನೋಡ್ಕೋತೀನಿ. ನಾವೇನು ಬೇರೆಯವರಾ?"

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಯಾಕೆ ಅಂತಲೂ ಅವಳಿಗೆ ಗೊತ್ತಿತ್ತು. ಮಾವ ಬೇಸಿಗೆಗೆ ಮುಂಚೆಯೇ ಹೇಳಿಬಿಟ್ಟಿದ್ದರು: "ಒಂದು ಚಳಿಗಾಲ ಕಳೀಲಿ. ಇಬ್ಬರ ಕೈಗುಣಾನೂ ನೋಡ್ತೀನಿ. ಆಮೇಲೆ ಎರಡೂ ಮಂದೆ ಒಬ್ಬರ ಕೈಗೆ." ಈ ಚಳಿಯಲ್ಲಿ ಅವಳ ಮರಿಗಳು ಸಾಲಾಗಿ ಸತ್ತರೆ ಮಾವ ಎರಡನೇ ಸಲ ಯೋಚಿಸಬೇಕಾಗಿರಲಿಲ್ಲ.

ಗಂಡ ಬಿಸಿನೀರಿನ ಬಕೆಟ್ ಹಿಡಿದು ಒಳಗೆ ಬಂದ. ಅವಳು ಮಾತಾಡದೆ ಮರಿಯ ಹಣೆ ತೋರಿಸಿದಳು.

"ಅಣ್ಣ ಹಾಗೆ ಮಾಡೋನಲ್ಲ ಕಣೇ."

"ಹೌದು. ಗಾಳಿ ಮಾಡಿತು."

"ಅಪ್ಪನಿಗೆ ಹೇಳೋಣ ನಡಿ."

"ಹೇಳಿದ್ರೆ ಟಗರು ಗೋಡೆ ಹಾರಿತು ಅಂತಾರೆ. ಮೂಕಪ್ರಾಣಿ ಮೇಲೆ ಗೂಬೆ ಕೂರಿಸಿ ಕೈ ತೊಳ್ಕೋತಾರೆ. ನೀವು ಬಾಯಿಗೆ ಬೀಗ ಹಾಕ್ಕೊಳ್ಳಿ. ನನ್ನಮ್ಮನ ಹೆಣ ಇನ್ನೂ ಮನೆಯಲ್ಲಿರುವಾಗ ಈ ಕೆಲಸ ಮಾಡಿದ್ದಾರೆ. ಇದನ್ನ ನಾನೇ ತೀರಿಸ್ತೀನಿ."

ಅವನು ಬಕೆಟ್ ಇಟ್ಟು ಸುಮ್ಮನೆ ಹೋದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಕಲಿತಿದ್ದ ಬುದ್ಧಿ ಅದೊಂದೇ, ಆದರೆ ಚೆನ್ನಾಗಿ ಕಲಿತಿದ್ದ.

ಆ ದಿನವೇ ಅವಳು ಅಟ್ಟದಿಂದ ತಾಯಿಯ ಟ್ರಂಕು ಇಳಿಸಿದಳು. ತವರಿನಿಂದ ತಂದದ್ದು ಅದೊಂದೇ: ಹಳೆಯ ಸ್ವೆಟರುಗಳು, ಮೊಣಕೈಗೆ ತೇಪೆ ಹಾಕಿದ ಕಂದು ಕೋಟು, ಒಂದು ಶಾಲು. ತೋಳುಗಳನ್ನು ಕತ್ತರಿಸಿ ಮರಿಗಳಿಗೆ ಅಂಗಿ ಮಾಡಿದಳು. ಉಳಿದ ಬಟ್ಟೆಯಲ್ಲಿ ಕುಲಾವಿ ಹೊಲಿದಳು. ಕೂಸಿಗೆ ಹೊಲಿಯುವ ಹಾಗೆಯೇ, ಹಣೆ ಮುಚ್ಚಿ, ಕಿವಿಯ ಹಿಂದಕ್ಕೆ ಇಳಿದು, ಗದ್ದದ ಕೆಳಗೆ ಗಂಟು. ಮಗಳು ಶಾಲೆಯಿಂದ ಬಂದು, "ಅಮ್ಮಾ, ಅಜ್ಜಿ ವಾಸನೆ ಬರ್ತಿದೆ ಇವಕ್ಕೆ," ಎಂದಳು. ಅವಳು ಹಲ್ಲಿನಿಂದ ದಾರ ಕಡಿದಳೇ ಹೊರತು ತಲೆ ಎತ್ತಲಿಲ್ಲ.

ಭಾವ ವಿಚಾರಿಸಲು ಬಂದ. ಬರದೇ ಇರುತ್ತಾನೆಯೇ? ಬಾಗಿಲ ಚೌಕಟ್ಟಿಗೆ ಒರಗಿ, ಕೈಗವಸು ಬಿಚ್ಚದೆ, ತುಂಬು ಕರುಣೆಯಿಂದ ನೋಡಿದ.

"ಅಯ್ಯೋ ಪಾಪವೇ! ಕುರಿಮರಿಗೆ ಕುಲಾವಿ! ಇನ್ನು ಕಾಲಿಗೆ ಗೆಜ್ಜೆ ಕಟ್ಟೋದು ಬಾಕಿ."

"ನೀವು ದೊಡ್ಡವರು. ಗೆಜ್ಜೆ ನೀವು ತನ್ನಿ ಭಾವ."

"ನಿಮ್ಮ ಟಗರು ಹಗ್ಗ ಬಿಚ್ಚಿಕೊಂಡಿತ್ತೇನೋ, ನೋಡು. ಎಷ್ಟು ಉಳೀತಾವೋ ಏನೋ ಈ ಚಳೀಲಿ."

"ಯಾವ ಕಳ್ಳ ಟಗರೋ ಭಾವ. ಇವತ್ತಲ್ಲ ನಾಳೆ ಗೊತ್ತಾಗುತ್ತೆ." ಅವಳು ನಕ್ಕಳು. ಆ ನಗು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಅವನು ಹೋದ ಮೇಲೆ ದವಡೆ ನೋಯುತ್ತಿತ್ತು.

ಆಮೇಲೆ ನಡೆದದ್ದು ಬರೀ ದುಡಿಮೆ. ಹಾಲಿಳಿಯದ ಕುರಿಗೆ ಬಿಸಿ ಗಂಜಿ, ಹೊಕ್ಕುಳಿಗೆ ಅಯೋಡಿನ್, ಹುಲ್ಲು ಬದಲಿಸುವುದು, ಅಡ್ಡವಾಗಿ ಸಿಕ್ಕಿಕೊಂಡ ಮರಿಯನ್ನು ಒಳಗೆ ಕೈ ಹಾಕಿ ತಿರುಗಿಸುವುದು. ಕೈ ಬಿರಿದು ರಕ್ತ ಬಂತು. ಸೊರಗಿದ ಮರಿಯನ್ನು ಒಲೆಯ ಪಕ್ಕದ ಪೆಟ್ಟಿಗೆಯಲ್ಲಿಟ್ಟು ಬಾಟಲಿಯ ನಿಪ್ಪಲು ಬಾಯಿಗೆ ತುರುಕಿ ಬೈಯುತ್ತಿದ್ದಳು: "ಕುಡಿ ಮುಂಡೇದೇ, ಕುಡಿ. ನನ್ನ ಮೇಲಿನ ಪ್ರೀತಿಗೆ ಬೇಡ. ನಿಮ್ಮಪ್ಪನ ಯಜಮಾನನ ಮುಖ ನೋಡೋದಕ್ಕಾದರೂ ಬದುಕು." ಅಂಥ ಬೈಗುಳಕ್ಕೆ ಮರಿಗಳು ಹೇಗೋ ಒಗ್ಗಿಕೊಂಡವು. ಹಠದ ಕಾವು ಒಲೆಯ ಕಾವಿಗಿಂತ ದೊಡ್ಡದು ಎನ್ನುವವರಿದ್ದರೆ ಅವಳು ಅಲ್ಲಗಳೆಯುತ್ತಿರಲಿಲ್ಲ.

ಒಂದು ಮಾತ್ರ ಉಳಿಯಲಿಲ್ಲ. ಅವಳ ಮಡಿಲಲ್ಲೇ, ತಾಯಿಯ ಕಂದು ಕೋಟಿನ ಗುಂಡಿಯಿದ್ದ ಕುಲಾವಿಯೊಳಗೆ, ಒಂದು ಬೆಳಿಗ್ಗೆ ತಣ್ಣಗಾಯಿತು. ಅದನ್ನು ಹೂಳಲು ನೆಲ ಬಿಡಲಿಲ್ಲ. ಗುದ್ದಲಿ ಕಿಡಿ ಕಾರಿತು. ಕೊನೆಗೆ ಗೊಬ್ಬರದ ಗುಂಡಿಯ ಬೆಚ್ಚಗಿನ ಅಂಚಿನಲ್ಲಿ ಮುಚ್ಚಿದಳು. ಕುಲಾವಿಯನ್ನು ಬಿಚ್ಚಿ, ತೊಳೆದು, ಕೊಟ್ಟಿಗೆಯ ಮೊಳೆಗೆ ನೇತುಹಾಕಿದಳು.

ಅವಳು ಕಾಯುತ್ತಿದ್ದ ದಿನ ತಾನಾಗಿ ನಡೆದು ಬಂತು. ಉಣ್ಣೆ ವ್ಯಾಪಾರಿಯೊಬ್ಬ ಸುಳಿರಾಯನನ್ನು ತನ್ನ ಮಂದೆಗೆ ಕೊಳ್ಳಲು ಬಂದ. ಭಾವ ಟಗರನ್ನು ಬಾಚಿ, ಗೊರಸಿಗೆ ಎಣ್ಣೆ ಸವರಿ, ಅಂಗಳದಲ್ಲಿ ಮದುಮಗನ ಹಾಗೆ ನಿಲ್ಲಿಸಿದ್ದ. ಮಾವ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಏಳು ತಲೆಮಾರಿಗೂ ಒಂದು ಕರಿ ಕೂದಲಿಲ್ಲ," ಭಾವ ಹೇಳುತ್ತಿದ್ದ. "ಹುಡುಕಿ ನೋಡಿ ಬೇಕಾದ್ರೆ."

ಚಿಕ್ಕ ಸೊಸೆ ಬಾಟಲಿ ಹಿಡಿದು ಅಂಗಳಕ್ಕೆ ಬಂದಳು. ಹಿಂದೆ ಬಣ್ಣಬಣ್ಣದ ಅಂಗಿ, ಕುಲಾವಿ ತೊಟ್ಟ ಮರಿಗಳ ದಂಡು. ವ್ಯಾಪಾರಿ ನಕ್ಕ. "ಇದೇನಮ್ಮ, ಅಂಗನವಾಡಿ?"

"ಬಿಸಿಲು ಬಂತಲ್ಲ ಅಣ್ಣ, ಬಿಚ್ಚೋಣ ಅಂತ. ಭಾವ, ಇದನ್ನೊಂಚೂರು ಹಿಡ್ಕೊಳ್ತೀರಾ?" ಎಂದು ಒಂದು ಮರಿಯನ್ನು ಅವನ ತೋಳಿಗೆ ಕೊಟ್ಟೇಬಿಟ್ಟಳು. ಗದ್ದದ ಕೆಳಗಿನ ಗಂಟು ಎಳೆದಳು. ನಂತರ ಇನ್ನೊಂದರದು, ಮತ್ತೊಂದರದು. ಅವಸರವೇ ಇರಲಿಲ್ಲ.

ವ್ಯಾಪಾರಿ ಮರಿಯ ಹಣೆ ನೋಡಿದ, ಟಗರಿನ ಹಣೆ ನೋಡಿದ, ಮತ್ತೆ ಮರಿಯ ಕಿವಿ ಮಡಿಸಿದ. "ಇವು ಇದರ ಮಕ್ಕಳೇ, ಸಂಶಯವೇ ಇಲ್ಲ. ಕಪ್ಪು ಬಂದಿದೆಯಲ್ಲ ಸ್ವಾಮೀ! ಏಳು ತಲೆಮಾರು ಅಂದಿರಿ?"

ಭಾವನ ಮುಖ ಕೆಂಪಾಯಿತು. "ಕಪ್ಪು ನನ್ನ ಟಗರಿಂದಲ್ಲ! ಅದು ಇವಳ ಕುರಿಗಳದ್ದು. ಆ ಕಂದು ಮೂತಿಯವುಗಳ ಜೊತೆ ಬಿಟ್ಟರೆ ಕಪ್ಪು ಬರದೆ ಇನ್ನೇನು ಬರುತ್ತೆ?"

ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಬಿಟ್ಟವರು ಯಾರು?" ಮಾವ ಕೇಳಿದರು.

"ಅಂದ್ರೆ... ಅದೇ ಗೋಡೆ ಹಾರಿರಬೇಕಪ್ಪಾ. ಇವಳು ತವರಿಗೆ ಹೋಗಿದ್ದ ವಾರ."

"ಆ ವಾರ ಅದರ ಮುಂಗಾಲಿಗೆ ಪಟ್ಟಿ ಕಟ್ಟಿದವನು ನಾನು. ಮೂರು ಕಾಲಲ್ಲಿ ಕುಂಟುತ್ತಿತ್ತು. ಎದೆಯೆತ್ತರದ ಗೋಡೆ ಹೇಗೆ ಹಾರಿತೋ? ನೀನು ಏಣಿ ಹಾಕಿಕೊಟ್ಟೆಯಾ?"

ತೋಳಲ್ಲಿದ್ದ ಮರಿ ಅದೇ ಹೊತ್ತಿಗೆ ಭಾವನ ಒಳ್ಳೆಯ ಕೋಟಿನ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದಿತು. ವ್ಯಾಪಾರಿ, "ನನಗೆ ಬೆಳ್ಳಗಿನ ಉಣ್ಣೆ ಸಾಕು, ಕತೆ ಬೇಡ," ಎಂದು ಟೋಪಿ ಹಾಕಿಕೊಂಡು ಗೇಟು ದಾಟಿದ.

ಮಾವ ಕೈ ಚಾಚಿದರು. "ಮೇವಿನ ಕೋಣೆ ಬೀಗದ ಕೈ ಕೊಡು. ನನಗಲ್ಲ, ಅವಳಿಗೆ. ಎರಡೂ ಮಂದೆ ಇನ್ನು ಅವಳದು."

ಬೀಗದ ಕೈ ಅವಳ ಅಂಗೈಗೆ ಬಂತು. ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ.

"ತಪ್ಪಾಯ್ತು ಅಂದ್ಕೋ ತಂಗಿ," ಭಾವ ನೆಲ ನೋಡುತ್ತ ಅಂದ. "ಮನೆ ಮಾತು ಮನೆಯಲ್ಲೇ ಇರಲಿ."

"ಇರಲಿ ಭಾವ. ಮನೆಯಲ್ಲೇ ತೀರಿಸಿ. ನೀವು ಇವಕ್ಕೆ ಅಜ್ಜ ಆದ ಹಾಗೆ ಅಲ್ವಾ? ನಾಳೆಯಿಂದ ಬೆಳಿಗ್ಗೆ, ಸಂಜೆ ನಮ್ಮ ಕೊಟ್ಟಿಗೆಗೆ ಬಂದು ಬಾಟಲಿ ಹಿಡೀಬೇಕು."

ಅವನು ತಂದೆಯ ಕಡೆ ನೋಡಿದ. ಮಾವ ಮೋಡ ನೋಡುತ್ತಿದ್ದರು.

ಮಾರನೆಯ ಬೆಳಿಗ್ಗೆ ಭಾವ ಒಣಹುಲ್ಲಿನ ಮೇಲೆ ಮಂಡಿಯೂರಿ, ದಪ್ಪ ಬೆರಳುಗಳಿಂದ ಕುಲಾವಿಯ ದಾರ ಕಟ್ಟಲು ಒದ್ದಾಡುತ್ತಿದ್ದ. ಅವಳು ಮಗುಚಿದ ಬಕೆಟ್ಟಿನ ಮೇಲೆ ಕೂತು ಬಿಸಿ ಟೀ ಹೀರುತ್ತಿದ್ದಳು. ಅವನಿಗೆ ಕೊಡಲಿಲ್ಲ.

"ಗಂಟು ಸಡಿಲ ಆಯ್ತು ಭಾವ, ಬಿಚ್ಚಿ ಕಟ್ಟಿ. ತಲೆಗೆ ಗಾಳಿ ಹೊಡೀತದೆ."

ಅವನು ಬಿಚ್ಚಿ ಕಟ್ಟಿದ. ಮೊಳೆಗೆ ತೂಗುಬಿದ್ದ ಕಂದು ಕುಲಾವಿಯತ್ತ ಕೈ ಹೋಯಿತು. "ಇದು ಯಾವುದರದು?"

"ಅದನ್ನ ಮುಟ್ಟಬೇಡಿ. ಅದನ್ನ ತೊಟ್ಟಿದ್ದ ಮರಿ ಗೊಬ್ಬರದ ಗುಂಡಿಯಲ್ಲಿದೆ. ಕುಲಾವಿ ಮೇಲಿನ ಬಟನ್ನು ನಮ್ಮಮ್ಮನ ಕೋಟಿನದು. ದಿನಾ ನೋಡ್ಕೊಂಡು ಕೆಲಸ ಮಾಡಿ, ಸಾಕು."

ಅವನು ಕೈ ಹಿಂದಕ್ಕೆ ತೆಗೆದು ಬಾಟಲಿಯನ್ನು ಮರಿಯ ಬಾಯಿಗೆ ಹಿಡಿದ.

"ಎಷ್ಟು ದಿನ ಹೀಗೆ?" ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಹುಲ್ಲು ಚಿಗುರೋವರೆಗೆ."

ಅವಳು ಬಾಗಿಲಾಚೆ ನೋಡಿದಳು. ಹೊಲ ಬೆಳ್ಳಗೆ, ಗಟ್ಟಿಯಾಗಿ ಮಲಗಿತ್ತು. ಆ ವರ್ಷ ಹುಲ್ಲು ತಡವಾಗಿ ಚಿಗುರಲಿ ಎಂದು ಬಯಸಿದ ಕುರಿ ಸಾಕುವವರು ಯಾರಾದರೂ ಇದ್ದರೆ, ಅವಳೊಬ್ಬಳೇ ಇರಬೇಕು.