ಇಲ್ಲದ ಕಾಲಿನ ಅಳತೆ

“ಎಲ್ಲಾ ಅಳಿಸಿ ಫಾರ್ಮ್ಯಾಟ್ ಹೊಡೆದುಬಿಡೋಣ ಅತ್ತಿಗೆ. ಎಲ್ಲಾ ಹೋಗಿದೆ,” ಎಂದ ಮೈದುನನ ಧಾಟಿಯಲ್ಲಿ, ಒಡೆದ ಹಾಲನ್ನು ಚೆಲ್ಲುವವನಿಗಿಂತ ಹೆಚ್ಚಿನ ವ್ಯಥೆಯೇನೂ ಇರಲಿಲ್ಲ.

ಅವಳು ತಿರುಗಿಯೂ ನೋಡಲಿಲ್ಲ. ಸೊಟ್ಟಪಾದದವರಿಗೆ ಪಾದರಕ್ಷೆಯನ್ನೂ ಪಾದವೇ ಇಲ್ಲದವರಿಗೆ ಕೃತಕ ಪಾದವನ್ನೂ ಮಾಡಿಕೊಡುವ ಅವಳ ಕಾರ್ಯಾಗಾರದಲ್ಲಿ, ಬಂದವರೆಲ್ಲರ ಪಾದದ ಆಕಾರವೂ ಇದ್ದದ್ದು ಈ ಒಂದು ಕಂಪ್ಯೂಟರಿನಲ್ಲಿ. ಬೆಳಗ್ಗೆ ತೆರೆದರೆ ಫೋಲ್ಡರುಗಳು ಮಾಯ. ಅವುಗಳ ಜಾಗದಲ್ಲಿ ಯಾವುದೋ ವೈರಸ್ಸು ಇಟ್ಟುಹೋದ ಬರೀ ಶಾರ್ಟ್‌ಕಟ್‌ಗಳು, ಒಂದೊಂದರ ಮೂಲೆಯಲ್ಲೂ ಕುಹಕದ ನಗೆಯಂಥ ಪುಟ್ಟ ಬಾಣ.

“ಅಳತೆ ತಾನೇ? ಇನ್ನೊಂದ್ಸಲ ತಗೊಂಡ್ರಾಯ್ತು.”

“ನಿಮ್ಮಮ್ಮನ ಬಲಗಾಲಿನ ಅಳತೆ ಎಲ್ಲಿಂದ ತಗೊಳ್ಳಲಿ? ಆಸ್ಪತ್ರೆಯವರಿಂದ ಕಾಲು ವಾಪಸ್ ಕೇಳ್ತೀಯಾ?”

ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದ ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡರು. ಸಕ್ಕರೆ ಕಾಯಿಲೆ ಆ ಪಾದವನ್ನು ನುಂಗುವ ಮೊದಲೇ ಸೊಸೆ ಅದರ ಉಬ್ಬುತಗ್ಗುಗಳನ್ನು ಸೆರೆಹಿಡಿದಿಟ್ಟಿದ್ದಳು. ಈಗ ಗಾಯ ಮಾಗಿದೆ. ಕೆತ್ತುವ ಯಂತ್ರ ಆ ಆಕಾರಕ್ಕಾಗಿ ಕಾದಿತ್ತು. ಅಂಗಡಿಯ ಸಿದ್ಧ ಪಾದಕ್ಕೆ ಅತ್ತೆ ಸುತರಾಂ ಒಪ್ಪಿರಲಿಲ್ಲ: “ಕಂಡೋರ ಕಾಲು ಹಾಕ್ಕೊಂಡು ನನ್ನ ಮನೇಲಿ ನಾನು ಓಡಾಡ್ಲಾ?”

“ನೀವೇ ಏನೋ ಒತ್ತಿರ್ತೀರ,” ಎಂದ ಮೈದುನ.

ಕಳ್ಳ ಹೊಕ್ಕ ಮನೆಯಲ್ಲಿ ಯಜಮಾನಿಯನ್ನೇ ಕಟಕಟೆಗೆ ಏರಿಸುವ ನ್ಯಾಯ! ಅವಳ ಕಿವಿ ಬಿಸಿಯಾಯಿತು. ತುಟಿ ಬಿಗಿದು ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿದಳು. ಅತ್ಯವಶ್ಯಕವಾದುದರ ಹೊರತು ಮತ್ತೇನನ್ನೂ ಜಾಗೃತಗೊಳಿಸದೆ ಕಂಪ್ಯೂಟರು ಏಳುವ ಬಗೆ ಅದು. ವೈರಸ್ಸು ಮಲಗಿರುವಾಗಲೇ ಅದರ ಜುಟ್ಟು ಹಿಡಿಯಬೇಕು. ಅಡಗಿಸಿದ ಫೈಲುಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿದಳು. ಸಿಸ್ಟಮ್ ಫೈಲುಗಳನ್ನು ಮರೆಮಾಡುವ ಗುರುತನ್ನು ತೆಗೆದಳು. ಮಂಜಿನಲ್ಲಿ ನಿಂತವರಂತೆ ಫೋಲ್ಡರುಗಳೆಲ್ಲ ಮಸುಕಾಗಿ ಮೂಡಿದವು. ಅವುಗಳ ನಡುವೆ ಉಚ್ಚರಿಸಲಾಗದ ಹೆಸರಿನ ಫೈಲೊಂದು ಸಂಭಾವಿತನಂತೆ ಕುಳಿತಿತ್ತು. ಅದನ್ನೂ, ಕಂಪ್ಯೂಟರು ಏಳುವಾಗ ತಾನೂ ಏಳಲೆಂದು ಸ್ಟಾರ್ಟಪ್ಪಿನಲ್ಲಿ ಬೇರೂರಿದ್ದ ಅದರ ಅವಳಿಯನ್ನೂ, ಬಾಣದ ಸಂತತಿಯನ್ನೂ ಅಳಿಸಿಹಾಕಿದಳು.

“ನೋಡು, ಹೋಗಿರ್ಲಿಲ್ಲ. ಅಡಗಿತ್ತು ಅಷ್ಟೆ,” ಎಂದವಳು ಕೆತ್ತುವ ಯಂತ್ರಕ್ಕೆ ಫೋಮಿನ ಗಟ್ಟಿ ಬಿಗಿಯಲು ಎದ್ದಳು.

ಮರಳಿ ಬಂದಾಗ ಮೈದುನ ಅವಳ ಕುರ್ಚಿಯಲ್ಲಿದ್ದ. ಪೆನ್‌ಡ್ರೈವ್ ಮಿನುಗುತ್ತಿತ್ತು. ಪರದೆಯ ಮೇಲೆ ಬಾಣಗಳು ಮತ್ತೆ ಸಾಲುಗಟ್ಟಿದ್ದವು.

“ಏನ್ ಮಾಡ್ದೆ?”

“ಇದರಲ್ಲಿರೋ ಹಾಡಿನ ಫೋಲ್ಡರ್ ಒತ್ತಿದೆ, ಅಷ್ಟೆ. ಪರದೆಯ ನಾಲ್ಕೂ ಮೂಲೇಲಿ ‘ಸೇಫ್’ ಅಂತ ಬರ್ದಿದೆಯಲ್ಲ ಅತ್ತಿಗೆ!”

“ಸೇಫ್ ಅಂದ್ರೆ ಕಳ್ಳ ಇಲ್ಲ ಅಂತಲ್ಲ ಕಣೋ! ಅವನು ಮಲಗಿದ್ದಾನೆ ಅಂತ. ನೀನು ಒತ್ತಿದ್ದು ಫೋಲ್ಡರ್ ಅಲ್ಲ, ಅವನದೇ ಬಾಣ. ಕರೆದು ಎಬ್ಬಿಸಿ, ಕೈಗೆ ದೀಪ ಕೊಟ್ಟೆ.” ಮರುಕ್ಷಣ ಅವಳ ದನಿ ತಗ್ಗಿತು. “ನಿನ್ನೆ ಸಂಜೇನೂ ಇದನ್ನ ಹಾಕಿದ್ದೆಯಾ?”

ಅವನು ಮಿನುಗುವ ಪೆನ್‌ಡ್ರೈವನ್ನು ಅಂಗೈಯಿಂದ ಮರೆಮಾಡಿದ.

“ನಾಲಗೆ ಬಿದ್ದುಹೋಯ್ತೇನೋ?” ಎಂದರು ಅತ್ತೆ.

“ಹಾಕಿದ್ದೆ ಅಮ್ಮ. ಒಂದೇ ಒಂದು ಗಳಿಗೆ.”

“ಹಾವು ಕಚ್ಚೋಕೆ ಎಷ್ಟು ಹೊತ್ತು ಬೇಕೋ, ಮಹಾರಾಯ? ಬೆಳಗಿಂದ ನನ್ನ ಸೊಸೆ ಮೇಲೆ ಗೂಬೆ ಕೂರಿಸ್ತಿದ್ದೀಯಲ್ಲ!”

ಅವಳು ಪೆನ್‌ಡ್ರೈವನ್ನು ಕಿತ್ತು ಮೇಜಿನ ಮೇಲೆ ಕುಕ್ಕಿ, ಕುರ್ಚಿಯಿಂದ ಅವನನ್ನು ಎಬ್ಬಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಕೀಲಿಗಳ ಮೇಲೆ ಬೆರಳು ಬಿದ್ದದ್ದು ಸುತ್ತಿಗೆಯಂತೆ. ಕಡೆಗೆ ಅತ್ತೆಯ ಫೋಲ್ಡರು ಮಸುಕಿನಿಂದ ಹೊರಬಂತು. ಅದರ ಮೇಲಿನ ಅಡಗುಗುರುತನ್ನು ತೆಗೆದು ತೆರೆದಳು. ಪರದೆಯಲ್ಲಿ ಒಂದು ಬಲಪಾದ ನಿಧಾನವಾಗಿ ತಿರುಗತೊಡಗಿತು. ಅದರ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿತ್ತು.

ಅತ್ತೆ ಕುರ್ಚಿಯನ್ನು ತಾವೇ ಉರುಳಿಸಿಕೊಂಡು ಬಂದು, ಪರದೆಯ ಆ ಬೆರಳನ್ನು ಮುಟ್ಟಿದರು. “ಇದು ನಂದೇ. ಹುಟ್ಟಿದಾಗಿಂದ ಹೀಗೇ, ಹೆಗಲೇರೋ ಜಾತಿ.”

“ಸಿಕ್ತಲ್ಲ, ಇನ್ನು ಬಿಟ್ಬಿಡಿ ಅತ್ತಿಗೆ,” ಎಂದು ಮೈದುನ ನಗಲು ಯತ್ನಿಸಿದ.

“ಕಳೆದಿದ್ರೆ ತಾನೇ ಸಿಗೋದು? ನೀನು ಮುಚ್ಚಿಹಾಕಿದ್ದನ್ನ ನಾನು ತೆಗೆದೆ. ಬಿಡಲ್ಲ. ತಪ್ಪು ನಂದು, ನಿಮ್ಮದಲ್ಲ ಅಂತ ಬಾಯ್ಬಿಟ್ಟು ಹೇಳು, ನಿಮ್ಮಮ್ಮನ ಮುಂದೆ.”

ಅವನು ನೆಲ ನೋಡಿದ. ಮಾತಿಗಾಗಿ ಅವಳು ಸಾಕಷ್ಟು ಕಾದಳು. ನಂತರ ಕೆತ್ತುವ ಯಂತ್ರದ ಗುಂಡಿ ಒತ್ತಿದಳು. ಅವನ ತುಟಿಗಳು ಆಗ ಅಲುಗಿದವು. ಆದರೆ ಫೋಮಿನ ಬಿಳಿಪುಡಿ ಚಿಮ್ಮುವ ಆರ್ಭಟದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಯಂತ್ರ ನಿಲ್ಲಿಸುವ ಔದಾರ್ಯ ಅವಳಲ್ಲಿ ಉಳಿದಿರಲಿಲ್ಲ.