ಅಂಜುಬುರುಕ ಬೂದಿಗೆ ಮನೆ ಸಿಕ್ಕಿದ್ದು

ಮನಗೂಳಿಯ ಕಡೆ ಜೋಳ ಮನೆಗೆ ಬಂತೆಂದರೆ ಹಿಂದೆಯೇ ಇಲಿಗಳೂ ಬರುತ್ತವೆ. ಶಂಕ್ರೆವ್ವನ ಮನೆಯಲ್ಲಂತೂ ಈ ಸಲ ಇಲಿಗಳು ಮನೆಯವರಿಗಿಂತ ಮೊದಲೇ ಊಟಕ್ಕೆ ಕೂಡುತ್ತಿದ್ದವು. ಜೋಳದ ಕೋಣೆಯಲ್ಲಿ ಪೇರಿಸಿಟ್ಟ ಚೀಲಗಳ ಮೂಲೆಮೂಲೆಗೂ ತೂತು. ಮಗ ರೇವಣಪ್ಪ ಇಲಿ ಪಾಷಾಣ ಇಡೋಣ ಎಂದ. ಶಂಕ್ರೆವ್ವ ಒಪ್ಪಲಿಲ್ಲ. ಹಿಂದಿನ ಓಣಿಯಲ್ಲಿ ಯಾರೋ ಹಾಗೆ ಇಟ್ಟಾಗ, ಪಾಷಾಣ ತಿಂದ ಇಲಿಯನ್ನು ತಿಂದು ಅವರ ನಾಯಿಯೇ ಸತ್ತಿತ್ತು. ಆ ಮನೆಯ ಕೂಸು ತೆವಳುತ್ತ ಪಾಷಾಣ ಇಟ್ಟ ಮೂಲೆಗೆ ಹೋಗಿದ್ದನ್ನು ಕಂಡು ಎಲ್ಲರ ಜೀವ ಬಾಯಿಗೆ ಬಂದಿತ್ತು. ಹಾಗಾದರೆ ಬೆಕ್ಕು ತರೋಣ ಎಂದು ಸೊಸೆ ಸುವರ್ಣಾ ಹೇಳಿದಳು. ಅತ್ತೆ ಹೂಂ ಎಂದಳು.

ಆದರೆ ಅತ್ತೆಯ ಮನಸ್ಸಿನಲ್ಲಿದ್ದದ್ದು ಅಂಗೈಯಲ್ಲಿ ಹಿಡಿಸುವಂಥ ಒಂದು ಮರಿ. ಇಂಡಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದ ಸುವರ್ಣಾ ತಂದದ್ದು ಬಲಿತ ಹೆಣ್ಣು ಬೆಕ್ಕು. ಬಣ್ಣ ಬೂದಿ, ಹೆಸರೂ ಬೂದಿ. ಎಡಗಿವಿಯ ತುದಿ ಕತ್ತರಿಸಿದಂತಿತ್ತು. ಬುಟ್ಟಿಯ ಮೂಲೆಗೆ ಅಂಟಿಕೊಂಡು ಕೂತಿದ್ದ ಅದು, ಯಾರಾದರೂ ಇಣುಕಿದರೆ ಇನ್ನಷ್ಟು ಮುದುಡುತ್ತಿತ್ತು.

ಇದೇನು ಕಿವಿ ಹರಿದದ್ದನ್ನು ತಂದೆ ಎಂದು ಶಂಕ್ರೆವ್ವ ಮುಖ ಸಿಂಡರಿಸಿದಳು. ಸುವರ್ಣಾ ನಿಧಾನವಾಗಿ ಹೇಳಿದಳು. ಇಂಡಿಯಲ್ಲಿ ಅಬಿದಾ ಎಂಬ ಪಶುವೈದ್ಯೆ ಇದ್ದಾರೆ. ಜನ ಬಿಟ್ಟುಹೋದ ಬೆಕ್ಕು, ನಾಯಿಗಳನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ಸಾಕುತ್ತಾರೆ. ಕಿವಿಯ ತುದಿ ಕತ್ತರಿಸಿದ್ದು, ಇದಕ್ಕೆ ಮರಿಯಾಗದಂತೆ ಆಪರೇಷನ್ ಆಗಿದೆ ಎಂಬ ಗುರುತು. ರೇಬೀಸ್ ಲಸಿಕೆಯೂ ಆಗಿದೆ. ಸಿಂದಗಿಯ ಒಂದು ಮನೆಯಲ್ಲಿ ಬೆಳೆದ ಬೆಕ್ಕು ಇದು. ಆ ಮನೆಯವರು ಊರು ಬಿಡುವಾಗ ಬಾಗಿಲಿಗೆ ಬೀಗ ಹಾಕಿ ಇದನ್ನು ಕಟ್ಟೆಯ ಮೇಲೆ ಬಿಟ್ಟುಹೋದರು. ಶೆಡ್ಡಿಗೆ ಬಂದವರೆಲ್ಲ ಮರಿಗಳನ್ನು ಎತ್ತಿಕೊಂಡು ಹೋಗುತ್ತಾರೆ. ಹಿಂದಿನ ಮೂಲೆಯಲ್ಲಿ ಅಡಗಿ ಕೂಡುವ ಇದನ್ನು ಕೇಳುವವರೇ ಇಲ್ಲ.

"ಯಾರೂ ಕೇಳದ್ದನ್ನ ನಾವ್ಯಾಕ ಕೇಳಬೇಕಿತ್ತು?" ಎಂದಳು ಶಂಕ್ರೆವ್ವ. "ಮರಿ ತಂದಿದ್ರ ಹೇಳಿದಂಗ ಕೇಳತಿತ್ತು."

"ಬೆಕ್ಕು ಮರಿ ಇದ್ದಾಗರ ಯಾರ ಮಾತು ಕೇಳತೈತ್ರಿ ಅತ್ತಿ?" ಎಂದಳು ಸುವರ್ಣಾ.

ಈ ಮಾತಿಗೆ ರೇವಣಪ್ಪ ನಕ್ಕುಬಿಟ್ಟ. ಶಂಕ್ರೆವ್ವನಿಗೂ ನಗು ಬಂತು, ನುಂಗಿಕೊಂಡಳು. ಬಂದದ್ದು ಬಂತು, ಇರಲಿ ಎಂದಳು. ಅಬಿದಾ ಹೇಳಿಕಳಿಸಿದ್ದು ಬಹಳ ಸರಳವಾಗಿತ್ತು: ಒಂದು ಕೋಣೆ, ಮುಚ್ಚಿದ ಬಾಗಿಲು, ಅಡಗಲು ಒಂದು ರಟ್ಟಿನ ಖೋಕಾ, ಮಲಮೂತ್ರಕ್ಕೆ ಉಸುಕು ತುಂಬಿದ ಒಂದು ಬೋಗುಣಿ, ನೀರು, ಆಹಾರ. ಅದು ತಾನಾಗಿ ಬರುವತನಕ ಯಾರೂ ಮುಟ್ಟಬಾರದು.

ಆದರೆ ಶಂಕ್ರೆವ್ವನ ಮನೆಗೆ ಯಾವ ಜೀವ ಬಂದರೂ ಹೊಸ್ತಿಲಲ್ಲಿ ನಿಲ್ಲಿಸಿ, ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಇಟ್ಟು, ಆರತಿ ಬೆಳಗದೆ ಒಳಗೆ ಬಿಟ್ಟವರಿಲ್ಲ. ಹೋರಿ ಬಂದಾಗ ಹಾಗೇ ಮಾಡಿದ್ದರು, ಎಮ್ಮೆ ಬಂದಾಗಲೂ ಹಾಗೇ. ಬೆಕ್ಕು ಇಷ್ಟವಿಲ್ಲದಿದ್ದರೇನು, ಮನೆಗೆ ಬಂದದ್ದಕ್ಕೆ ಮರ್ಯಾದೆ ಕಡಿಮೆ ಮಾಡುವ ಹೆಂಗಸಲ್ಲ ಅವಳು. ಬೇಡ ಎಂದು ಸುವರ್ಣಾ ಎಷ್ಟು ಹೇಳಿದರೂ ಕೇಳದೆ ಓಣಿಯ ಹೆಂಗಸರನ್ನು ಕೂಗಿ ಕರೆದಳು. ಎಲ್ಲರೂ ಸುತ್ತುವರಿದು ನಿಂತರು. ರೇವಣಪ್ಪ ಬೆಕ್ಕನ್ನು ಬುಟ್ಟಿಯಿಂದ ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡ. ಶಂಕ್ರೆವ್ವ ಭಕ್ತಿಯಿಂದ ಬೆಕ್ಕಿನ ಕಾಲಿಗೆ ತಂಬಿಗೆಯಿಂದ ತಣ್ಣೀರು ಸುರಿದಳು.

ಮುಂದೆ ಆದದ್ದನ್ನು ಆ ಓಣಿಯಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಆರತಿ ತಟ್ಟೆ ಅಂಗಳದ ಆಚೆ ಹೋಗಿ ಬಿತ್ತು. ಕುಂಕುಮ ಬೆಕ್ಕಿನ ಹಣೆ ಬಿಟ್ಟು ಉಳಿದವರೆಲ್ಲರ ಸೀರೆಗೆ ಬಿತ್ತು. ರೇವಣಪ್ಪನ ಮುಂಗೈ ಪರಚಿದ ಬೂದಿ ಜೋಳದ ಕೋಣೆಗೆ ನುಗ್ಗಿ ಚೀಲಗಳ ಸಂದಿ ಸೇರಿತು. ಸುವರ್ಣಾ ಗಂಡನನ್ನು ನಳದ ಕೆಳಗೆ ನಿಲ್ಲಿಸಿ ಗಾಯಕ್ಕೆ ಸಾಬೂನು ಹಚ್ಚಿ ಬಹಳ ಹೊತ್ತು ತೊಳೆಸಿದಳು. ಬೆಕ್ಕಿಗೆ ಲಸಿಕೆಯಾಗಿದ್ದರೂ ಪರಚಿದರೆ ಮನುಷ್ಯರು ವೈದ್ಯರಿಗೆ ತೋರಿಸಲೇಬೇಕು ಎಂದು ಸರಕಾರಿ ದವಾಖಾನೆಗೆ ಕರೆದೊಯ್ದಳು. ಸಾಬೂನು ಹಚ್ಚಿ ತೊಳೆದದ್ದು ಒಳ್ಳೆಯದಾಯಿತು ಎಂದು ಅಲ್ಲಿಯ ವೈದ್ಯರೂ ಹೇಳಿ ಸೂಜಿ ಹಾಕಿದರು.

ಓಣಿಯವರ ಎದುರು ಆದ ಅವಮಾನವನ್ನು ಶಂಕ್ರೆವ್ವ ಮರೆಯಲಿಲ್ಲ. ಬರುವ ಐತವಾರ ಬೆಕ್ಕನ್ನು ಇಂಡಿಗೆ ಮುಟ್ಟಿಸಿ ಬರಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು.

ಸುವರ್ಣಾ ಕೊನೆಯ ಪ್ರಯತ್ನ ಮಾಡಿದಳು. ತಾನೂ ಚಡಚಣದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ, ಒಂದು ಮಾತೂ ಆಡುತ್ತಿರಲಿಲ್ಲ, ಆಗ ಅತ್ತೆ ತನ್ನನ್ನು ವಾಪಸು ಕಳಿಸಿದ್ದಳೇ ಎಂದು ಕೇಳಿದಳು.

"ನೀ ನನ್ನ ಮಗನ್ನ ಪರಚಿರಲಿಲ್ಲ," ಎಂದಳು ಶಂಕ್ರೆವ್ವ.

ಆ ಸಂಜೆ ಸುವರ್ಣಾ ಅಬಿದಾಗೆ ಫೋನ್ ಮಾಡಿ, ಬೇಕೆಂದೇ ಸ್ಪೀಕರ್ ಹಾಕಿ ಪಡಸಾಲೆಯಲ್ಲಿಟ್ಟಳು. ಶಂಕ್ರೆವ್ವ ಬೆಳ್ಳುಳ್ಳಿ ಸುಲಿಯುತ್ತ, ಕಿವಿ ಮಾತ್ರ ಅತ್ತ ಇಟ್ಟಿದ್ದಳು.

"ವಾಪಸ್ ತಂದ್ರ ನಾ ಒಲ್ಲೆ ಅನ್ನಂಗಿಲ್ಲರಿ," ಎಂದರು ಅಬಿದಾ. "ಹಾದ್ಯಾಗ ಮಾತ್ರ ಬಿಡಬ್ಯಾಡ್ರಿ. ಇದಕ್ಕಿಂತ ಮೊದಲ ಎರಡು ಮನಿಯವರು ಒಯ್ದು ವಾಪಸ್ ತಂದಾರ. ಪ್ರತಿ ಸಲಾ ಅದು ಗ್ವಾಡಿ ಕಡೆ ಮುಖಾ ಮಾಡಿ ಕುಂತು ಅನ್ನಾ ಬಿಟ್ಟೈತಿ. ಹ್ವಾದ ಸಲಾ ಉಳಿದದ್ದ ಹೆಚ್ಚು. ಅದರದು ಸೊಕ್ಕಲ್ಲರಿ, ಅಂಜಿಕಿ. ಹಿಡಿಯಾಕ ಹೋಗಬ್ಯಾಡ್ರಿ, ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ್ರಿ. ಅದರ ಕೋಣ್ಯಾಗ ನಿಮ್ಮ ಕೆಲಸಾ ನೀವು ಮಾಡಕೋತ ಕೂಡ್ರಿ, ಸಾಕು."

ಬೂದಿಯ ಅದೃಷ್ಟಕ್ಕೆ ಆ ಐತವಾರ ರೇವಣಪ್ಪನಿಗೆ ಹೊಲದಲ್ಲಿ ನೀರು ಬಿಡುವ ಪಾಳಿ ಬಂತು. ಮುಂದಿನ ಐತವಾರ ಮುದ್ದೇಬಿಹಾಳದಲ್ಲಿ ನೆಂಟರ ಮದುವೆ. ಆ ದಿನಗಳಲ್ಲಿ ಮನೆಯವರು ಮಾಡಿದ್ದೆಲ್ಲ ತಿರುವುಮುರುವು. ರೇವಣಪ್ಪ ಕನಿಕರದಿಂದ ಬಟ್ಟಲು ತುಂಬ ಎಮ್ಮೆ ಹಾಲು ಇಟ್ಟ, ಬೆಕ್ಕಿನ ಹೊಟ್ಟೆ ಕೆಟ್ಟಿತು. ದೊಡ್ಡ ಬೆಕ್ಕುಗಳಿಗೆ ಹಾಲು ಅರಗುವುದಿಲ್ಲ, ನೀರೇ ಸಾಕು ಎಂದು ಅಬಿದಾ ಬೈದರು. ಇನ್ನು ಸುವರ್ಣಾ, ತಾನೇ ಎಲ್ಲರಿಗೂ ಬುದ್ಧಿ ಹೇಳಿದವಳು, ಗಳಿಗೆಗೊಮ್ಮೆ ಬಾಗಿಲು ಸರಿಸಿ ಬಾ ಬಾ ಎಂದು ಕರೆಯುತ್ತಿದ್ದಳು. ಕರೆದಷ್ಟೂ ಅದು ಒಳಗೊಳಗೆ ಸರಿಯಿತು.

ಅದರ ಕಡೆ ತಿರುಗಿಯೂ ನೋಡದವಳು ಶಂಕ್ರೆವ್ವ ಒಬ್ಬಳೇ. ಸಿಟ್ಟಿತ್ತಲ್ಲ. ಮಧ್ಯಾಹ್ನ ಊಟವಾದ ಮೇಲೆ ಜೋಳದ ಕೋಣೆಯಲ್ಲಿ ಚೀಲಗಳಿಗೆ ಬೆನ್ನು ಕೊಟ್ಟು ಕೂತು, ಗಿರಣಿಗೆ ಹಾಕಿಸುವ ಜೋಳವನ್ನು ಮೊರದಲ್ಲಿ ಕೇರುವುದು ಅವಳ ರೂಢಿ. ಬೆಕ್ಕಿಗಾಗಿ ಅವಳು ಜಾಗ ಬದಲಿಸಲಿಲ್ಲ. ಕೇರುತ್ತ ಕೇರುತ್ತ ಮೆಲುದನಿಯಲ್ಲಿ ವಟಗುಟ್ಟುವಳು: ಗಿರಣಿಯವನು ನುಚ್ಚು ದಪ್ಪ ಮಾಡಿಕೊಡುತ್ತಾನೆ, ಮೊಣಕಾಲು ನೋಯುತ್ತದೆ, ಈ ಮನೆಯಲ್ಲಿ ನನ್ನ ಮಾತು ಯಾರು ಕೇಳುತ್ತಾರೆ.

ಕೇಳುವವರು ಒಬ್ಬರು ಇದ್ದರು. ಒಂದು ಮಧ್ಯಾಹ್ನ ಬೆನ್ನ ಹಿಂದೆ ಬೆಕ್ಕು ತನ್ನ ಬಟ್ಟಲಿನ ಆಹಾರ ಕಡಿದು ತಿನ್ನುವ ಸದ್ದಾಯಿತು. ಶಂಕ್ರೆವ್ವ ಹಟಕ್ಕೆ ತಿರುಗಲಿಲ್ಲ. ಮರುದಿನ ಮಗ್ಗುಲಲ್ಲೇ ನೀರು ನೆಕ್ಕುವ ಸದ್ದು. ಅದಾದ ಮೇಲೆ ಒಂದು ದಿನ ಸೀರೆಯ ಸೆರಗಿಗೆ ಏನೋ ಮೆತ್ತಗೆ ತಾಗಿ ಹೋಯಿತು. ಆಗಲೂ ತಿರುಗಲಿಲ್ಲ. ಆದರೆ ಈಗಿನ ಕಾರಣ ಹಟವಲ್ಲ, ತಿರುಗಿದರೆ ಎಲ್ಲಿ ಓಡಿಹೋದೀತೋ ಎಂಬ ಭಯ. ನಡುವೆ ಸಿಟ್ಟು ಯಾವಾಗ ಇಳಿಯಿತೋ ಅವಳಿಗೇ ತಿಳಿಯಲಿಲ್ಲ. ಎಲ್ಲರೂ ಕರೆದರೂ ಬಾರದ್ದು ಕರೆಯದ ತನ್ನ ಬಳಿ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದಳು. ಯಾರಿಗೂ ಹೇಳಲಿಲ್ಲ, ಓಣಿಗೆಲ್ಲ ಕೇಳುವಂತೆ ಆಡಿದ ಮಾತನ್ನು ಹೇಗೆ ನುಂಗುವುದು?

ಮೂರನೆಯ ಐತವಾರ ರೇವಣಪ್ಪನಿಗೆ ಯಾವ ಕೆಲಸವೂ ಇರಲಿಲ್ಲ. ಗಾಡಿ ಒರೆಸಿ, ಬುಟ್ಟಿ ಹಿಡಿದು ಜೋಳದ ಕೋಣೆಯ ಬಾಗಿಲಿಗೆ ಬಂದ. ಹಿಂದೆ ಸುವರ್ಣಾ, ಕಣ್ಣು ಕೆಂಪಾಗಿದ್ದವು. ಒಳಗೆ ಶಂಕ್ರೆವ್ವ ಮೊರ ಮಡಿಲಲ್ಲಿಟ್ಟುಕೊಂಡು ಅಲ್ಲಾಡದೆ ಕೂತಿದ್ದಳು. ಅವಳ ತೊಡೆಗೆ ಬೆನ್ನು ಒತ್ತಿಕೊಂಡು ಬೂದಿ ಮಲಗಿತ್ತು. ಅಡಗಿ ಮಲಗಿದ್ದಲ್ಲ, ಕಾಲು ಚಾಚಿ ನಿದ್ದೆ ಹೋಗಿತ್ತು.

ಅಲ್ಲೇ ನಿಲ್ಲು ಎಂದು ಶಂಕ್ರೆವ್ವ ಕೈ ಸನ್ನೆ ಮಾಡಿದಳು.

"ನೀನ ಹೇಳಿದ್ದಿಲ್ಲವಾ, ಒಯ್ದು ಬಿಡು ಅಂತ?" ರೇವಣಪ್ಪ ಪಿಸುಗುಟ್ಟಿದ.

"ಹೇಳಿದ್ನಿ. ತಪ್ಪಾತು," ಎಂದಳು ಶಂಕ್ರೆವ್ವ. ಮಗ ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಆ ಮಾತು ಕೇಳಿದವನಲ್ಲ. "ಇನ್ನೊಮ್ಮೆ ವಾಪಸ್ ಹ್ವಾದ್ರ ಇದು ಬದುಕಂಗಿಲ್ಲ. ಓಣ್ಯಾಗ ಯಾರರ ಕೇಳಿದ್ರ, ಮುದುಕಿ ಮಾತು ಬದಲಿ ಮಾಡ್ಯಾಳ ಅಂತ ಹೇಳು. ಬುಟ್ಟಿ ಅತ್ತಾಗ ಇಡು, ಇದು ಎಲ್ಲೂ ಹೋಗಂಗಿಲ್ಲ."

ಸುವರ್ಣಾ ಬಾಗಿಲಲ್ಲೇ ಕೂತುಬಿಟ್ಟಳು. ಶಂಕ್ರೆವ್ವನ ಕಾಲು ಜೋಮು ಹಿಡಿದಿತ್ತು, ಆದರೂ ಬೆಕ್ಕು ತಾನಾಗಿ ಏಳುವತನಕ ಅವಳು ಏಳಲಿಲ್ಲ.

ಓದುವ, ಕೇಳುವ ಅಕ್ಕಂದಿರೇ, ಅಣ್ಣಂದಿರೇ, ಬೂದಿ ಬಂದ ಮೇಲೆ ಆ ಮನೆಯ ಇಲಿಗಳೆಲ್ಲ ಮಾಯವಾದವು ಎಂದು ನಾವು ಸುಳ್ಳು ಹೇಳುವುದಿಲ್ಲ. ಕಡಿಮೆಯಾಗಿವೆ. ಹೊಸಬರು ಬಂದರೆ ಬೂದಿ ಈಗಲೂ ಚೀಲದ ಸಂದಿ ಸೇರುತ್ತದೆ, ಅದು ಅದರ ಸ್ವಭಾವ. ನೀವೂ ಬೆಕ್ಕು ಸಾಕುವುದಾದರೆ ಮೊದಲು ಇಂಥ ಆಶ್ರಯಗಳಲ್ಲಿ ವಿಚಾರಿಸಿ. ಲಸಿಕೆ, ಆಪರೇಷನ್ ಆಗಿದೆಯೇ ಎಂದು ಕೇಳಿ, ಆಗಿರದಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಮಾಡಿಸಿ. ಮನೆಯಲ್ಲಿ ಇಲಿ ಪಾಷಾಣ ಇಡಬೇಡಿ. ಮರಿಗಳು ಮುದ್ದಾಗಿರುತ್ತವೆ, ಅವುಗಳಿಗೆ ಮನೆ ಬೇಗ ಸಿಗುತ್ತದೆ. ಹಿಂದಿನ ಮೂಲೆಯಲ್ಲಿ ಮುಖ ತೋರಿಸದೆ ಕೂತ ದೊಡ್ಡ ಬೆಕ್ಕು ಒಂದಿರುತ್ತದೆ, ಅದನ್ನು ಕೇಳಿ ತನ್ನಿ. ತಂದ ಮೇಲೆ ವಾರಕ್ಕೇ ಬೇಸರಪಟ್ಟು ವಾಪಸು ಒಯ್ಯಬೇಡಿ. ಅದಕ್ಕೆ ನಿಮ್ಮ ಮೇಲೆ ನಂಬಿಕೆ ಬರಲು ಸ್ವಲ್ಪ ಕಾಲ ಬೇಕು, ಅಷ್ಟನ್ನು ಕೊಡಿ.