ಇಪ್ಪತ್ತೆಂಟು ಕೀಲು

"ಬಾಯಿಗೆ ಬೀಗ ಜಡಿದುಕೊಂಡಿದ್ದೀಯೇನೆ ಮುಂಡೇದೆ? ಹೇಳು! ಡಾಕ್ಟ್ರು ಎಷ್ಟು ಕೀಲು ಮುಟ್ಟಿ ನೋಡ್ತಾರೆ?"

ಗುಮಾಸ್ತ ರಟ್ಟಿನಿಂದ ಮೇಜಿಗೆ ಬಡಿದ. ಕೀಲುವಾತದ ಆ ಕ್ಲಿನಿಕ್ಕಿನ ಹಜಾರದಲ್ಲಿ ಹನ್ನೊಂದು ಮಂದಿ ರೋಗಿಗಳು ಗೋಡೆಗೆ ಒರಗಿ ನಿಂತಿದ್ದರು. ಕೂರೋಣವೆಂದರೆ ಬೆಂಚುಗಳಿಗೆಲ್ಲ ಹೊಸ ಬಣ್ಣ, ಇನ್ನೂ ಆರಿರಲಿಲ್ಲ. ಗುರುವಾರ ತಪಾಸಣೆಯವರು ಬರುವವರಿದ್ದರು. ಅವರು ಒಪ್ಪಿದರೆ ಕ್ಲಿನಿಕ್ಕಿಗೆ ಗುಣಮಟ್ಟದ ಮಾನ್ಯತೆ. ಅದಕ್ಕೇ ಮಂಗಳವಾರ ರೋಗಿಗಳಿಗೆ ಈ ಬಾಯಿಪಾಠ.

"ಇಪ್ಪತ್ತೆಂಟು," ಎಂದಳು ಹಿಂಡಕ್ಕ. ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಹಿಂಡುವವಳು. ಹೆತ್ತವರಿಟ್ಟ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ.

"ಆಮೇಲೆ?"

"ನೋವಿರೋ ಕೀಲು ಎಣಿಸಿ ಬರ್ಕೋತಾರೆ."

"ಮೂರು ತಿಂಗಳಾದ್ರೂ ನೋವು ಇಳೀಲಿಲ್ಲ ಅಂದ್ರೆ?"

ಹಿಂಡಕ್ಕ ಪಕ್ಕದವರ ಮುಖ ನೋಡಿದಳು.

"ಮದ್ದು ಬದಲಾಯಿಸ್ತಾರೆ ಕಣೆ, ಕತ್ತೆ! ಮಾತ್ರೆ ಸಾಲದಿದ್ರೆ ಇಂಜೆಕ್ಷನ್ ಕೊಡ್ತಾರೆ, ಬೆರಳು ಸೊಟ್ಟ ಆಗೋಕೆ ಮುಂಚೆ. ಎಷ್ಟು ಸಲ ಬಡ್ಕೋಬೇಕು ನಿಂಗೆ?"

ಹಿಂಡಕ್ಕ ತನ್ನ ಎಡಗೈ ನೋಡಿಕೊಂಡಳು. ನಾಲ್ಕು ಬೆರಳೂ ಬುಡದಿಂದಲೇ ಪಕ್ಕಕ್ಕೆ ವಾಲಿಬಿಟ್ಟಿದ್ದವು. ಮೂರು ವರ್ಷದಿಂದ ತಿಂಗಳು ತಪ್ಪದೆ ಇಲ್ಲಿಗೆ ಬಂದಿದ್ದಾಳೆ. ಡಾಕ್ಟರು ಒಂದು ದಿನವೂ ಮುಟ್ಟಿದವರಲ್ಲ. "ಬ್ಲೀಚ್ ನಾತ, ದೂರ ನಿಲ್ಲು" ಎಂದು ಮೂಗಿಗೆ ಕರವಸ್ತ್ರ ಹಿಡಿದು ಅದೇ ಮಾತ್ರೆ ಗೀಚಿ ಕಳಿಸುತ್ತಿದ್ದರು. ಮುಟ್ಟಿ ನೋಡಬೇಕಿತ್ತು ಎಂಬುದೇ ಅವಳಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. ಸುಳ್ಳು ಕಲಿಸುವ ಭರದಲ್ಲಿ ಈ ಪುಣ್ಯಾತ್ಮ ನಿಜ ಹೇಳಿಬಿಟ್ಟಿದ್ದ!

"ನಂಗ್ಯಾಕೆ ಕೊಡ್ಲಿಲ್ಲ ಆ ಇಂಜೆಕ್ಷನ್?"

"ನಿನ್ನ ಕಾಗದದಲ್ಲಿ ನೋವೇ ಇಲ್ವಲ್ಲ."

ಅವನು ಹಾಳೆಗಳ ಕಟ್ಟು ಮುಂದಕ್ಕೆ ತಳ್ಳಿದ. ಪ್ರತಿ ಹಾಳೆಯ ಮೇಲೂ ಮನುಷ್ಯನ ಚಿತ್ರ, ಕೀಲಿದ್ದಲ್ಲೆಲ್ಲ ಒಂದೊಂದು ಸೊನ್ನೆ. ನೋವಿದ್ದ ಸೊನ್ನೆಗೆ ಮಸಿ ತುಂಬಬೇಕು. ಮೂವತ್ತಾರು ತಿಂಗಳ ಮೂವತ್ತಾರು ಹಾಳೆ, ಒಂದು ಸೊನ್ನೆಯೂ ತುಂಬಿರಲಿಲ್ಲ. ತಾರೀಖುಗಳನ್ನು ಆಗಷ್ಟೇ ಬರೆದಿದ್ದರು.

"ಹೆಬ್ಬೆಟ್ಟು ಒತ್ತು. ಗುರುವಾರ ಬಂದು ಪಾಠ ಒಪ್ಪಿಸು. ನಾಲಿಗೆ ಜಾರಿತೋ, ಇರೋ ಮಾತ್ರೆಗೂ ಎಳ್ಳುನೀರು ಬಿಟ್ಟೆ ಅಂದ್ಕೋ."

ಹೆಬ್ಬೆರಳು ಬಗ್ಗಲಿಲ್ಲ. ಅವನೇ ಹಿಡಿದು ಅದುಮಿದ, ಮೂವತ್ತಾರು ಸಲ. ಒಂದೊಂದು ಸಲಕ್ಕೂ ಅವಳಿಗೆ ಜೀವ ಹೋಗಿ ಬಂತು.

ಮರುದಿನ ಲಾಂಡ್ರಿಯಲ್ಲಿ ಒದ್ದೆ ಹೊದಿಕೆಯ ಒಂದು ತುದಿಯನ್ನು ಜೊತೆಗೇ ಕೆಲಸಕ್ಕಿದ್ದ ನಾದಿನಿ ಹಿಡಿದಳು, ಇನ್ನೊಂದನ್ನು ಹಿಂಡಕ್ಕ. ಹಿಂಡುವ ಯಂತ್ರ ಕೆಟ್ಟು ಎರಡು ವರ್ಷವಾಗಿತ್ತು. ಅದರ ರಿಪೇರಿಗಿಂತ ಹೆಂಗಸರ ಕೈ ಅಗ್ಗ. ಎರಡು ಸುತ್ತು ತಿರುಚುವಷ್ಟರಲ್ಲಿ ಬಲಗೈಯ ಗೆಣ್ಣುಗಳು ಉರಿದು ಬಟ್ಟೆ ಜಾರಿ ನೆಲಕ್ಕೆ ಬಿತ್ತು.

"ಕೈಗೇನು ಲಕ್ವಾ ಹೊಡ್ದಿದ್ಯಾ?" ಮೇಸ್ತ್ರಿ ಬಾಗಿಲಿಂದಲೇ ಗದರಿದ. "ಇನ್ನೊಂದು ಸಲ ಬಿತ್ತೋ, ನೀನು ಗೇಟಿನ ಆಚೆ!"

ನಾದಿನಿ ದನಿ ತಗ್ಗಿಸಿದಳು. "ಒಪ್ಪಿಸಿ ಬಂದುಬಿಡು ಅತ್ತಿಗೆ. ನೀರಲ್ಲಿದ್ದು ಮೊಸಳೆ ಹತ್ರ ಹಗೆ ಯಾಕೆ? ಆ ಮಾತ್ರೆನೂ ಇಲ್ಲ ಅಂದ್ರೆ ಬೆಳಿಗ್ಗೆ ಎದ್ದು ಕೂರೋಕೂ ಆಗಲ್ಲ ನಿಂಗೆ."

"ಎಡಗೈ ತಿಂದಾಯ್ತು. ಬಲಗೈನೂ ಆ ಬೋಳಿಮಕ್ಕಳ ಬಾಯಿಗೆ ಇಡ್ಲಾ?"

ಹೇಳಿದಳು, ಆದರೆ ಅವಳಿಗೆ ಭಯವಾಗಿತ್ತು. ಬಲಗೈಯೂ ವಾಲಿದರೆ ಕೆಲಸ ಹೋಗುವುದಿರಲಿ, ತುತ್ತೆತ್ತಿ ಬಾಯಿಗಿಡಲೂ ಇನ್ನೊಬ್ಬರ ಮುಖ ನೋಡಬೇಕು.

ಗುರುವಾರ ತಪಾಸಣೆಗೆ ಬಂದಾಕೆ ಮೆತ್ತಗೆ ಮಾತಾಡುವ ಹೆಂಗಸು. ಪಕ್ಕದಲ್ಲಿ ಡಾಕ್ಟರು, ಹಿಂದೆ ಗುಮಾಸ್ತ.

"ಡಾಕ್ಟರು ಕೀಲು ಪರೀಕ್ಷೆ ಮಾಡ್ತಾರೇನಮ್ಮ?"

ಹಿಂಡಕ್ಕ ಒಂದಕ್ಷರ ತಪ್ಪದೆ ಒಪ್ಪಿಸಿದಳು: ಇಪ್ಪತ್ತೆಂಟು ಕೀಲು, ಮೂರು ತಿಂಗಳು, ಬದಲಿ ಮದ್ದು, ಇಂಜೆಕ್ಷನ್. ಗುಮಾಸ್ತನ ಮುಖ ಅರಳಿತು. ಆಕೆ ಪಟ್ಟಿಯಲ್ಲಿ ಗುರುತು ಹಾಕಿಕೊಂಡಳು.

"ಎಷ್ಟು ಚೆನ್ನಾಗಿ ತಿಳ್ಕೊಂಡಿದ್ದೀರಿ!"

"ಮೊನ್ನೆ ಕಲಿಸಿದ್ರಲ್ಲ ತಾಯಿ. ಮೂರು ವರ್ಷದಲ್ಲಿ ಒಂದು ಸಲಾನೂ ಮುಟ್ಟಿಲ್ಲ. ಇವತ್ತು ನಿಮ್ಮೆದುರಿಗೆ ಮುಟ್ಲಿ."

ಕುರ್ಚಿ ಎಳೆದು ಕುಳಿತು ಎರಡೂ ಕೈ ಮೇಜಿನ ಮೇಲಿಟ್ಟಳು.

"ನೋವು ಜಾಸ್ತಿಯಾದ್ರೆ ಇವರಿಗೆ ತಲೆ ನೆಟ್ಟಗಿರಲ್ಲ ಮೇಡಂ," ಎಂದು ಡಾಕ್ಟರು ನಕ್ಕರು.

ಆಕೆ ಮೂವತ್ತಾರು ಹಾಳೆಗಳನ್ನು ತಿರುವಿದಳು. ಎಲ್ಲದರಲ್ಲೂ ಹೆಬ್ಬೆಟ್ಟು. "ಕಾಗದ ಸರಿಯಾಗಿದೆಯಲ್ಲಮ್ಮ. ಏನಾದ್ರೂ ದೂರಿದ್ರೆ ಬರೆದು ಪೆಟ್ಟಿಗೆಗೆ ಹಾಕಿ," ಎಂದು ಪೆನ್ನಿಗೆ ಮುಚ್ಚಳ ಹಾಕಿದಳು.

"ಬರೆಯೋಕೆ ಕೈ ಬೇಕಲ್ಲ ತಾಯಿ!"

"ಏಳೇ ಮೇಲೆ!" ಗುಮಾಸ್ತ ಅವಳ ಬಲ ಮಣಿಕಟ್ಟು ಹಿಡಿದು ಜಗ್ಗಿದ. "ಅಯ್ಯೋ ಅವ್ವಾ!" ಎಂಬ ಕೂಗಿಗೆ ಹಜಾರದವರೆಲ್ಲ ಬಾಗಿಲಿಗೆ ಬಂದರು. ಹಿಂಡಕ್ಕ ಮಾತ್ರ ಕುರ್ಚಿ ಬಿಡಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡೇ ಆ ಹೆಂಗಸಿನ ಕಡೆ ತಿರುಗಿದಳು.

"ಬಲಗೈ ಮಣಿಕಟ್ಟು, ನೋವಿದೆ. ಒಂದು. ಬರ್ಕೊಳ್ಳಿ."

ಗುಮಾಸ್ತ ಕೈ ಬಿಟ್ಟ. ಹಿಂಡಕ್ಕ ತನ್ನ ಸೊಟ್ಟ ಎಡಗೈಯಿಂದ ಬಲಗೈ ತೋರುಬೆರಳಿನ ಬುಡ ಒತ್ತಿದಳು. ಮುಖ ಕಿವುಚಿಕೊಂಡಿತು.

"ಎರಡು."

ಮುಂದಿನ ಗೆಣ್ಣು ಒತ್ತಿದಳು.

"ಮೂರು."

ಬಾಗಿಲಲ್ಲಿದ್ದ ಮುದುಕ ದರ್ಜಿ ಒಳಗೆ ಬಂದು, ಮಾತಿಲ್ಲದೆ, ತನ್ನ ಕೈಗಳನ್ನೂ ಅವಳ ಕೈಗಳ ಪಕ್ಕ ಇಟ್ಟ. ಅವನ ಹಿಂದೆ ಇನ್ನೊಬ್ಬಳು ಬಂದಳು. ಡಾಕ್ಟರು ಕೈಗಳನ್ನು ಜೇಬಿನಿಂದ ತೆಗೆಯಲಿಲ್ಲ. ತಪಾಸಣೆಯ ಹೆಂಗಸು ಪೆನ್ನು ಹಿಡಿದೇ ನಿಂತಿದ್ದಳು, ಮುಚ್ಚಳ ತೆಗೆದಿರಲಿಲ್ಲ.

"ನಾಲ್ಕು," ಎಂದಳು ಹಿಂಡಕ್ಕ.